ಅಪ್ರದಕ್ಷಿಣೆ

ಆ ಬೆಲ್ಟು ಡೂಪ್ಲಿಕೇಟ್ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾಲ್ಕು ವರ್ಷ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದದ್ದು ಇದರ ಉಲ್ಟಾ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಕಳಪೆ ಟೈಮಿಂಗ್ ಬೆಲ್ಟ್ ಕೊಟ್ಟರು, ಅದರಿಂದ ನನ್ನ ಎಂಜಿನ್ ಹೋಯಿತು ಅಂತ. ಕೇಳಿದವರು ಲೊಚಗುಟ್ಟುತ್ತಿದ್ದರು. ಇಬ್ಬರು ಗೆಳೆಯರಂತೂ ನನ್ನ ಮಾತು ಕೇಳಿ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ಕಾರು 2001ರ ಹೋಂಡಾ ಸಿಟಿ, 1.5 ವಿಟೆಕ್. ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ, ವಿಟೆಕ್ ಬಂದದ್ದು 2000ದಲ್ಲಿ. 106 ಕುದುರೆಶಕ್ತಿ. ಇವತ್ತಿನ ಲೆಕ್ಕಕ್ಕೆ ಅದೇನು ಮಹಾ ಅನ್ನಬಹುದು. ಆದರೆ ಒಂದು ಟನ್ನಿನ ಆಸುಪಾಸಿನ ತೂಕಕ್ಕೆ, ಅದೂ ರಸ್ತೆ ತುಂಬ ಮಾರುತಿ 800 ಓಡುತ್ತಿದ್ದ ಕಾಲಕ್ಕೆ, ಅದು ಪುಂಡ ಕರು. ಹೋಂಡಾದವರು 1989ರಲ್ಲಿ ಇಂಟೆಗ್ರಾ ಕಾರಿಗೆ ಮೊದಲ ಸಲ ವಿಟೆಕ್ ಹಾಕಿ 1.6 ಲೀಟರ್ ಎಂಜಿನ್ನಿನಿಂದ, ಟರ್ಬೋ ಇಲ್ಲದೆ, 160 ಕುದುರೆಶಕ್ತಿ ಎಳೆದಿದ್ದರು. ನಮಗೆ ಸಿಕ್ಕಿದ್ದು ಅದರ ತಮ್ಮ. ಒಂದೇ ಕ್ಯಾಮ್‌ಶಾಫ್ಟ್, ಇನ್‌ಟೇಕ್ ವಾಲ್ವ್‌ಗಳಿಗೆ ಮಾತ್ರ ಆ ಮಾಯೆ. ನಿಧಾನಕ್ಕೆ ಹೋಗುವಾಗ ವಾಲ್ವ್‌ಗಳು ಸಾಧು ಕ್ಯಾಮ್ ಹೇಳಿದಂತೆ ಕೇಳುತ್ತವೆ. ಆರ್‌ಪಿಎಂ ಮುಳ್ಳು ಒಂದು ಮಟ್ಟ ದಾಟಿದರೆ ಆಯಿಲ್ಲಿನ ಒತ್ತಡ ಒಂದು ಸಣ್ಣ ಪಿನ್ನನ್ನು ದೂಡಿ ರಾಕರ್‌ಗಳನ್ನು ಒಟ್ಟಿಗೆ ಬಿಗಿಯುತ್ತದೆ, ಆಮೇಲೆ ನಡುವಿನ ದೊಡ್ಡ ಕ್ಯಾಮ್‌ನದೇ ಕಾರುಬಾರು. ಎಂಜಿನ್ನಿನ ದನಿಯೇ ಬದಲಾಗುತ್ತದೆ. ಆ ಒಂದು ದನಿಗಾಗಿ 2013ರಲ್ಲಿ ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಗೆ ಮೂರು ಸಲ ಹೋಗಿ, ಕಾಫಿ ಕುಡಿದು, ಚೌಕಾಸಿ ಮಾಡಿ ಕಾರು ತಂದೆ. ಓಡಿದ್ದು 1,12,000 ಕಿಲೋಮೀಟರ್. ಅವರು ಒಂದು ಗೀರು ಬೀಳದ ಹಾಗೆ ಇಟ್ಟುಕೊಂಡಿದ್ದರು.

ನಾನು ಮಾಡಿದ ಮೊದಲ ಕೆಲಸ ಅದರ ಏರ್ ಫಿಲ್ಟರ್ ಡಬ್ಬ ಕಿತ್ತೆಸೆದು ಕೋನ್ ಫಿಲ್ಟರ್ ಹಾಕಿಸಿದ್ದು. ಕಂಪನಿಯ ಡಬ್ಬ ಹೊರಗಿನ ತಣ್ಣನೆ ಗಾಳಿಯನ್ನು ಎಳೆಯುವ ಹಾಗೆ ಕೂತಿರುತ್ತದೆ. ನನ್ನ ಕೆಂಪು ಕೋನ್ ಬಾನೆಟ್ ಒಳಗೆ ಕುದಿಯುವ ಗಾಳಿ ಕುಡಿಯುತ್ತ ಕೂತಿತು. ಶಕ್ತಿ ಹೆಚ್ಚಲಿಲ್ಲ, ಗುರ್ರ್ ಅನ್ನುವುದು ಹೆಚ್ಚಿತು. ಆಮೇಲೆ ಹೆಡರ್, ದಪ್ಪ ಸೈಲೆನ್ಸರ್, ಕಾರನ್ನು ತಗ್ಗಿಸುವ ಸ್ಪ್ರಿಂಗು. ಸ್ಪ್ರಿಂಗಿನ ಕಥೆ ಬೇಡ. ನಮ್ಮ ಊರುಗಳ ಹಂಪುಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಲ್ಟಿನ ನೆನಪಾದದ್ದು 2015ರ ಮೇ ತಿಂಗಳಲ್ಲಿ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್ ಒಂದಕ್ಕೊಂದು ಹೆಜ್ಜೆ ತಪ್ಪದಂತೆ ಹಿಡಿದಿಡುವುದು ಒಂದು ರಬ್ಬರ್ ಬೆಲ್ಟ್. ಅದು ಹರಿದರೆ ಅಥವಾ ಹಲ್ಲು ಹಾರಿಸಿದರೆ, ಕೆಳಗಿಳಿದ ವಾಲ್ವ್ ಮೇಲೆ ಪಿಸ್ಟನ್ ಬಂದು ಗುದ್ದುತ್ತದೆ. ಲಕ್ಷ ಕಿಲೋಮೀಟರ್ ಆಗಲಿ ಆಗದಿರಲಿ, ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ರಬ್ಬರಿಗೆ ವಯಸ್ಸಾಗುವುದು ಓಡಾಟದಿಂದಷ್ಟೇ ಅಲ್ಲ. ಹೊಸ ಬೆಲ್ಟನ್ನು 1,400 ರೂಪಾಯಿಗೆ ತಂದೆ. ಹಾಕುವ ಕೆಲಸ ನಾನೇ ಮಾಡುತ್ತೇನೆ ಅಂದುಕೊಂಡೆ. ಅರಸೀಕೆರೆಯಲ್ಲಿ ಸೋದರಮಾವನ ಗ್ಯಾರೇಜಿನಲ್ಲಿ ಬೇಸಿಗೆ ರಜೆ ಕಳೆದವನು ನಾನು. ಮಾರುತಿ 800, ಓಮ್ನಿಗಳಿಗೆ ಬೆಲ್ಟ್ ಹಾಕುವಾಗ ಮಾವನ ಪಕ್ಕ ಟಾರ್ಚ್ ಹಿಡಿದು ನಿಂತು ಕಲಿತದ್ದು. ಇದೇ ಜಾತಿಯ ಎಂಜಿನ್ ಇರುವ ಸಿವಿಕ್ ಕಾರಿನ ಸರ್ವಿಸ್ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೆ. ವಿಟೆಕ್ ಇರುವ ಪುಟಗಳು ಎಣ್ಣೆಕೈ ತಾಗಿ ಕಪ್ಪಾಗಿದ್ದವು. ಟೈಮಿಂಗ್ ಬೆಲ್ಟಿನ ಪುಟಗಳು ಬೆಳ್ಳಗೆ ಇದ್ದವು. ಗೊತ್ತಿರುವುದನ್ನು ಯಾರು ಓದುತ್ತಾರೆ?

ಎಡಗಡೆಯ ಮುಂದಿನ ಚಕ್ರ ಬಿಚ್ಚಿದರೆ ಕ್ರ್ಯಾಂಕ್ ಪುಲ್ಲಿ ಕಾಣುತ್ತದೆ. ಅದರ ನಡುವಿನ ಬೋಲ್ಟು ಹೋಂಡಾ ಮೆಕ್ಯಾನಿಕ್‌ಗಳ ನಡುವೆ ಕುಖ್ಯಾತ. ಎರಡು ಗಂಟೆ ಜಗ್ಗಿದರೂ ಅಲುಗಲಿಲ್ಲ. ಆಗ ಮಾವನ ಉಪಾಯ ನೆನಪಾಯಿತು. ಬೋಲ್ಟಿಗೆ ಪಾನಾ ಹಾಕಿ, ಅದರ ಉದ್ದನೆ ಹಿಡಿಯನ್ನು ನೆಲಕ್ಕೆ ಆನಿಸಿ, ಕಿಡಿ ಬಾರದ ಹಾಗೆ ಡಿಸ್ಟ್ರಿಬ್ಯೂಟರ್ ಕನೆಕ್ಟರ್ ಕಳಚಿ, ಒಂದೇ ಒಂದು ಕ್ಷಣ ಸೆಲ್ಫ್ ಹೊಡೆಯುವುದು. ಎಂಜಿನ್ ತಿರುಗುತ್ತದೆ, ಬೋಲ್ಟ್ ನಿಂತಿರುತ್ತದೆ, ‘ಟಕ್’ ಅಂತ ಸಡಿಲ. ಮಾರುತಿಯಲ್ಲಿ ಎಂದೂ ಕೈಕೊಟ್ಟಿದ್ದಿಲ್ಲ.

ಸೆಲ್ಫ್ ಹೊಡೆದೆ. ಕಾರು ನಡುಗಿತು, ಬೋಲ್ಟ್ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಹೊಡೆದೆ. ಒಟ್ಟು ನಾಲ್ಕು ಸಲ. ತುಕ್ಕಿಗೆ ಬೈದೆ, ಹಿಂದೆ ಬಿಗಿದವನ ಕೈಗೆ ಬೈದೆ. ಕೊನೆಗೆ ಪೀಣ್ಯದ ಲೇತ್‌ನವರೊಬ್ಬರ ಹತ್ತಿರ ಪುಲ್ಲಿಯನ್ನು ಹಿಡಿಯುವ 50 ಮಿಲಿಮೀಟರಿನ ಆರು ಮೂಲೆಯ ಹಿಡಿಕೆ ಮಾಡಿಸಿ, ಪಾನಾಗೆ ನಾಲ್ಕಡಿ ಜಿಐ ಪೈಪ್ ಸಿಕ್ಕಿಸಿ, ಇಬ್ಬರು ಜೋತುಬಿದ್ದ ಮೇಲೆ ಬೋಲ್ಟ್ ಸೋತಿತು.

ಆ ಬೋಲ್ಟ್ ನನಗೆ ಒಂದು ಮಾತು ಹೇಳಿತ್ತು, ಅದೂ ನಾಲ್ಕು ಸಲ. ಹೆಚ್ಚುಕಮ್ಮಿ ಎಲ್ಲ ಕಾರುಗಳ ಎಂಜಿನ್ನೂ ಪುಲ್ಲಿಯ ಕಡೆಯಿಂದ ನೋಡಿದರೆ ಪ್ರದಕ್ಷಿಣೆ ತಿರುಗುತ್ತದೆ. ಆ ಕಾಲದ ಹೋಂಡಾಗಳು ಮಾತ್ರ ಅಪ್ರದಕ್ಷಿಣೆ. ಮುಂದೆ ಬಂದ ಕೆ-ಸೀರೀಸ್ ಎಂಜಿನ್‌ಗಳಲ್ಲಿ ಅವರೂ ಎಲ್ಲರ ದಾರಿಗೆ ಬಂದರು. ಅಂದಮೇಲೆ ಮಾವನ ಉಪಾಯ ಮಾರುತಿಯಲ್ಲಿ ಸಡಿಲಿಸುತ್ತದೆ, ಹೋಂಡಾದಲ್ಲಿ ಬಿಗಿಯುತ್ತದೆ. ನಾಲ್ಕು ಸಲ ನಾನೇ ಕೈಯಾರೆ ಬಿಗಿದುಕೊಂಡಿದ್ದೆ. ಒಂದು ಉಪಾಯ ಯಾಕೆ ಫಲಿಸಲಿಲ್ಲ ಅಂತ ಎರಡು ನಿಮಿಷ ಕೂತು ಯೋಚಿಸಿದ್ದರೆ ಸಾಕಿತ್ತು. ಆದರೆ ಗೆದ್ದ ಖುಷಿಯಲ್ಲಿದ್ದೆ, ಅಷ್ಟು ಹೊತ್ತಿಗೆ ಹಸಿವೂ ಆಗಿತ್ತು.

ಮುಂದಿನದು ಟೆನ್ಷನರ್. ಅದು ಒಂದು ಸ್ಪ್ರಿಂಗಿನ ಬಲದಿಂದ ಬೆಲ್ಟಿಗೆ ಒತ್ತಿಕೊಂಡಿರುವ ಸಣ್ಣ ಚಕ್ರ. ಗುರುತುಗಳನ್ನೆಲ್ಲ ಕೂಡಿಸಿ, ಟೆನ್ಷನರ್ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಕ್ಯಾಮ್ ಪುಲ್ಲಿ ಮೂರು ಹಲ್ಲು ಸರಿಯುವಷ್ಟು ಕ್ರ್ಯಾಂಕ್ ತಿರುಗಿಸಿ, ಅಲ್ಲೇ ಬೋಲ್ಟ್ ಬಿಗಿಯಬೇಕು. ಎಂಜಿನ್ ಓಡುವ ದಿಕ್ಕಿಗೆ ತಿರುಗಿಸಿದರೆ ಬೆಲ್ಟಿನ ಒಂದು ಮಗ್ಗುಲು ಬಿಗಿಯಾಗಿ, ಸಡಿಲವೆಲ್ಲ ಟೆನ್ಷನರ್ ಇರುವ ಮಗ್ಗುಲಿಗೆ ಬಂದು ಸೇರುತ್ತದೆ. ಸ್ಪ್ರಿಂಗ್ ಅದನ್ನು ನುಂಗುತ್ತದೆ. ನಾನು ತಿರುಗಿಸಿದ್ದು ಪ್ರದಕ್ಷಿಣೆ. ಬೆಲ್ಟು ಟೆನ್ಷನರನ್ನೇ ಹಿಂದಕ್ಕೆ ತಳ್ಳಿತು, ಸಡಿಲ ಆಚೆ ಮಗ್ಗುಲಲ್ಲಿ ಅಡಗಿ ಕೂತಿತು. ಅದರ ಮೇಲೆ ನಾನು ಬೋಲ್ಟ್ ಬಿಗಿದು ಬೀಗ ಹಾಕಿದೆ. ಸಂಜೆ ಕಾರು ಒಂದೇ ಸೆಲ್ಫಿಗೆ ಶುರುವಾಯಿತು. ಮಾವನಿಗೆ ಫೋನ್ ಮಾಡಿ ಹೇಳಿಕೊಂಡೆ.

ಒಂದೆರಡು ತಿಂಗಳಾದ ಮೇಲೆ ಹೆಂಡತಿ ಕೇಳಿದಳು: “ರೀ, ಬೆಳಿಗ್ಗೆ ಗಾಡಿ ಶುರು ಮಾಡಿದಾಗ ನನ್ನ ಕಡೆ ಏನೋ ಪಟಪಟ ಅನ್ನುತ್ತಲ್ಲ?”

ಬೆಲ್ಟ್ ಇರುವುದು ಎಡಗಡೆ, ಅವಳು ಕೂರುವ ಕಡೆಗೆ. ನಾನು ಬಲಗಡೆ, ಕೋನ್ ಫಿಲ್ಟರಿನ ಗುರ್ರ್ ಮತ್ತು ಸೈಲೆನ್ಸರಿನ ಗುಡುಗಿನ ನಡುವೆ ಸುಖವಾಗಿದ್ದೆ. “ಹೆಡರ್ ಕಣೇ, ಲೋಹ ಬಿಸಿಯಾಗೋ ತನಕ ಹಾಗೇ,” ಅಂದೆ. ಸಡಿಲ ಬೆಲ್ಟು ಕವರಿನ ಒಳಗೆ ಬಡಿಯುತ್ತಿತ್ತು. ಸಾವಿರಾರು ರೂಪಾಯಿ ಕೊಟ್ಟು ನಾನೇ ಕೊಂಡ ಶಬ್ದ ಅದನ್ನು ನನ್ನ ಕಿವಿಗೆ ಬೀಳದ ಹಾಗೆ ಮಾಡಿತ್ತು.

ಸೆಪ್ಟೆಂಬರಿನಲ್ಲಿ ಧರ್ಮಸ್ಥಳದಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರುಗಳ ಸಾಲು. ನೇರ ರಸ್ತೆ ಒಂಚೂರು ಸಿಕ್ಕಿತು. ಎರಡನೇ ಗೇರಿಗೆ ಇಳಿಸಿ ಒತ್ತಿದೆ. ವಿಟೆಕ್ ದನಿ ಎದ್ದಿತು, ಮುಳ್ಳು ಏಳು ಸಾವಿರದ ಹತ್ತಿರ ಬಂತು, ಎರಡು ಟ್ಯಾಂಕರ್ ದಾಟಿದೆ, ತಿರುವು ಬಂತೆಂದು ಫಕ್ಕನೆ ಕಾಲು ತೆಗೆದೆ. ಕಬ್ಬಿಣದ ತಟ್ಟೆಯ ಮೇಲೆ ಹಿಡಿ ಮೊಳೆ ಎರಚಿದ ಹಾಗೆ ಒಂದು ಸದ್ದು. ಆಮೇಲೆ ಏನೂ ಇಲ್ಲ. ಸ್ಟಿಯರಿಂಗ್ ಭಾರವಾಯಿತು, ಕಾರು ಪಕ್ಕದ ಮಣ್ಣಿಗೆ ಇಳಿದು ನಿಂತಿತು.

ಸೆಲ್ಫ್ ಹೊಡೆದೆ. ಸರಿಯಿರುವ ಎಂಜಿನ್ ಸೆಲ್ಫಿಗೆ ತಿರುಗುವಾಗ ಒಂದು ಲಯ ಇರುತ್ತದೆ, ಒಂದೊಂದು ಸಿಲಿಂಡರೂ ಗಾಳಿಯನ್ನು ಅದುಮುವಾಗ ತುಸು ಏದುಸಿರು. ಇದು ಏದುಸಿರಿಲ್ಲದೆ, ಹೊಲಿಗೆ ಮಷೀನಿನ ಹಾಗೆ ಸರಾಗವಾಗಿ ತಿರುಗಿತು. ವಾಲ್ವ್ ಬಾಗಿ ಬಾಯಿ ಮುಚ್ಚದ ಎಂಜಿನ್ನು ಹೀಗೇ ತಿರುಗುವುದು. ನಾವು ದಾಟಿ ಬಂದಿದ್ದ ಟ್ಯಾಂಕರುಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ಒಬ್ಬ ಡ್ರೈವರ್ ಕೈ ಬೀಸಿದ.

ಸಕಲೇಶಪುರದಿಂದ ಟೋಯಿಂಗ್ ಲಾರಿಯ ಬೆನ್ನೇರಿ ಕಾರು ಬೆಂಗಳೂರಿಗೆ ಬಂತು. ಕಲಾಸಿಪಾಳ್ಯದ ಹತ್ತಿರ ಹಳೇ ಜಪಾನಿ ಎಂಜಿನ್‌ಗಳ ನಾಡಿ ಬಲ್ಲ ಒಬ್ಬ ಭಾಯ್ ಇದ್ದಾರೆ. ಅವರು ಕವರ್ ತೆಗೆದು, “ಬೆಲ್ಟ್ ಹಲ್ಲು ಹಾರಿಸಿದೆ ಸಾರ್. ಯಾರು ಹಾಕಿದ್ದು?” ಅಂದರು.

“ಒಬ್ಬ ಮೆಕ್ಯಾನಿಕ್,” ಅಂದೆ.

ಮೊದಲ ಸುಳ್ಳು ಅದು. ಎರಡನೆಯದು ಅಂದೇ ಮಧ್ಯಾಹ್ನ. ಆ ಬೆಲ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು. ಯಜಮಾನರು ಕನ್ನಡಕ ಏರಿಸಿ ಬೆಲ್ಟನ್ನು ಜಪಮಾಲೆಯ ಹಾಗೆ ಬೆರಳಲ್ಲಿ ಸರಿಸುತ್ತ ನೋಡಿದರು. “ಹಲ್ಲು ಒಂದೂ ಉದುರಿಲ್ಲ ಸ್ವಾಮಿ. ಬೆನ್ನು ಬಿರಿದಿಲ್ಲ. ಬೆಲ್ಟ್ ಚೆನ್ನಾಗಿದೆ.”

“ಹಿಗ್ಗಿದೆ,” ಅಂದೆ.

“ಒಳಗೆ ಗಾಜಿನ ನಾರಿನ ದಾರ ಇದೆ. ಇದು ಹರಿದರೂ ಹರಿಯುತ್ತೆ, ಹಿಗ್ಗಲ್ಲ.”

ಅವರ ಮಾತು ಸರಿ ಅಂತ ನನಗೆ ಗೊತ್ತಿತ್ತು. ಅದಕ್ಕೇ ದನಿ ಏರಿಸಿದೆ. ಡೂಪ್ಲಿಕೇಟ್ ಮಾಲು ಮಾರಿ ಜನರ ಪ್ರಾಣ ತೆಗೆಯುತ್ತೀರಿ, ಘಾಟಿಯಲ್ಲಿ ಹೆಂಡತಿ ಜೊತೆಗಿದ್ದಳು ಅಂತೆಲ್ಲ ಕೂಗಾಡಿದೆ. ಗಿರಾಕಿಗಳು ತಂತಮ್ಮ ಕೈಯಲ್ಲಿದ್ದ ಡಬ್ಬಗಳನ್ನು ತಿರುಗಿಸಿ ನೋಡತೊಡಗಿದರು. ಯಜಮಾನರು ಮರುಮಾತಿಲ್ಲದೆ ಡ್ರಾಯರ್ ಎಳೆದು 1,400 ರೂಪಾಯಿ ಎಣಿಸಿ ಇಟ್ಟರು. ನಾನು ತೆಗೆದುಕೊಂಡೆ.

ಹದಿನಾರರಲ್ಲಿ ಹನ್ನೊಂದು ವಾಲ್ವ್ ಬಾಗಿದ್ದವು. ಹೆಡ್ ಕೆಲಸಕ್ಕೆ ಎರಡು ವಾರ, ಒಟ್ಟು 48 ಸಾವಿರ. ಭಾಯ್ ಹೊಸ ಬೆಲ್ಟ್ ಕೂರಿಸುವ ದಿನ ನಾನು ಪಕ್ಕದಲ್ಲಿ ನಿಂತಿದ್ದೆ, ಟಾರ್ಚ್ ಹಿಡಿದು. ಅವರು ಟೆನ್ಷನರ್ ಸಡಿಲಿಸಿ ಕ್ರ್ಯಾಂಕಿಗೆ ಪಾನಾ ಹಾಕಿ ಎಡಕ್ಕೆ ತಿರುಗಿಸತೊಡಗಿದರು. ಬಾಯಿ ತಡೆಯಲಿಲ್ಲ.

“ಭಾಯ್, ಉಲ್ಟಾ ತಿರುಗಿಸ್ತಿದ್ದೀರ.”

ಅವರು ಕೈ ನಿಲ್ಲಿಸಿದರು. ನನ್ನ ಮುಖ ನೋಡಿದರು. ಒಂದು ಗಳಿಗೆ ಇರಬೇಕು. “ಇದು ಹೋಂಡಾ ಸಾರ್,” ಅಂದು ಮತ್ತೆ ತಲೆ ಬಗ್ಗಿಸಿದರು. ಆ ‘ಒಬ್ಬ ಮೆಕ್ಯಾನಿಕ್’ ಯಾರು ಅಂತ ಅವರು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಮನೆಗೆ ಬಂದು ಜೆರಾಕ್ಸಿನ ಬೆಳ್ಳನೆ ಪುಟ ತೆಗೆದೆ. ಬಾಣದ ಗುರುತು ಹಾಕಿ, ಅಕ್ಷರದಲ್ಲೂ ಬರೆದಿತ್ತು, ಅಪ್ರದಕ್ಷಿಣೆ ಅಂತ.

ಅವತ್ತೇ ಜೆ.ಸಿ. ರಸ್ತೆಗೆ ಹೋಗಬಹುದಿತ್ತು. ಹೋಗಲಿಲ್ಲ. ಡೂಪ್ಲಿಕೇಟ್ ಬೆಲ್ಟಿನ ಕಥೆ ಅಷ್ಟು ಹೊತ್ತಿಗೆ ಆಫೀಸಿನಲ್ಲಿ ಎರಡು ಸುತ್ತು ಹೊಡೆದು ಬಂದಿತ್ತು, ಮಾವನಿಗೂ ಮುಟ್ಟಿತ್ತು. ಹೇಳಹೇಳುತ್ತ ಅದಕ್ಕೊಂದು ರುಚಿಯೂ ಬಂದಿತ್ತು. ಹಳೇ ಕಾರು ಇಟ್ಟುಕೊಂಡವರ ನಡುವೆ ಇಂಥ ಕಥೆಗೆ ಯಾವಾಗಲೂ ಗಿರಾಕಿ ಉಂಟು.

ಕಾರಿನ ಮಟ್ಟಿಗೆ ನಾನು ಬದಲಾದೆ. ಕೋನ್ ಹೋಗಿ ಕಂಪನಿ ಡಬ್ಬ ಬಂತು, ಹಳೇ ಸ್ಪ್ರಿಂಗು ಬಂತು. 2016ರಲ್ಲಿ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋಗುವ ಮುಂಚೆ ಸೈಲೆನ್ಸರೂ ಬದಲಾಯಿತು. ಕಂಪನಿ ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳುವ ಹೊತ್ತಿಗೆ ನನ್ನದು ಗೋವಿನಂಥ ಕಾರು. ದುಡ್ಡು ಈಗ ಕಣ್ಣಿಗೆ ಕಾಣದ ಕಡೆ ಹೋಗುತ್ತದೆ: ಗಟ್ಟಿಯಾದ ನೀರಿನ ಪೈಪು, ಎಂಜಿನ್ ಮೌಂಟಿನ ರಬ್ಬರು, ವಿಟೆಕ್ ಸೊಲೆನಾಯ್ಡ್ ಕೆಳಗಿರುವ ಬೆರಳುಗುರಿನಷ್ಟು ಜಾಲರಿ. ಆ ಜಾಲರಿಗೆ ಆಯಿಲ್ಲಿನ ಕಸ ಕಟ್ಟಿದರೆ ಸಾಕು, ಪಿನ್ನು ದೂಡುವ ಒತ್ತಡ ಸಿಗದೆ ವಿಟೆಕ್ ಏಳುವುದೇ ಇಲ್ಲ. ಚೊಕ್ಕ ಮಾಡಿ ಹಾಕಿದ ದಿನ ಕಾರು ಯಾವ ಕೋನ್ ಫಿಲ್ಟರೂ ಕೊಡದಷ್ಟು ಚುರುಕಾಯಿತು.

ನಾಲ್ಕು ವರ್ಷ ಕಳೆದು ಮತ್ತೆ ಬೆಲ್ಟಿನ ಸರದಿ ಬಂತು. ಈ ಸಲ ನಾನೇ ಹಾಕುವುದೆಂದು ನಿಶ್ಚಯಿಸಿದ್ದೆ, ಪುಟ ಎದುರಿಗಿಟ್ಟುಕೊಂಡು. ಬೆಲ್ಟ್ ಎಲ್ಲಿ ತರುವುದು ಅನ್ನುವುದಕ್ಕೆ ಮೂರು ದಿನ ಹಿಡಿಯಿತು.

ಯಜಮಾನರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಮಾದರಿ ಹೇಳುತ್ತಿದ್ದಂತೆ ತಲೆ ಎತ್ತಿ, “ಬೆಲ್ಟ್ ವಾಪಸ್ ತಂದಿದ್ದಿರಲ್ವಾ ನೀವು?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ನನ್ನದೇ, ಉಲ್ಟಾ ತಿರುಗಿಸಿದ್ದೆ ಅಂದೆ. ಕಟ್ಟಿಕೊಂಡು ಹೋಗಿದ್ದ ಮಾತುಗಳು ಇನ್ನೂ ಇದ್ದವು, ಬಾಯಿಗೆ ಬಂದದ್ದು ಇಷ್ಟೇ. ಹೊಸ ಬೆಲ್ಟಿನ ದುಡ್ಡಿನ ಜೊತೆ 1,400 ರೂಪಾಯಿ ಬೇರೆಯಾಗಿ ಇಟ್ಟೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಎರಡನ್ನೂ ಎಣಿಸಿ ಡ್ರಾಯರಿಗೆ ಹಾಕಿಕೊಂಡರು. ಆಮೇಲೆ ಡಬ್ಬ ಒಡೆದು ಬೆಲ್ಟನ್ನು ಕೌಂಟರಿನ ಮೇಲಿಟ್ಟು, ಪಕ್ಕದಿಂದ ಉದ್ದನೆಯ ರಿಜಿಸ್ಟರೊಂದನ್ನು ಎಳೆದು ನನ್ನ ಕಡೆ ತಿರುಗಿಸಿದರು. ತಾರೀಕು, ಪಾರ್ಟ್ ನಂಬರು, ಗಿರಾಕಿಯ ಸಹಿ. ಪುಟಗಟ್ಟಲೆ ಸಹಿಗಳು.

“ಇದೇನು?”

“ಮಾಲು ನೋಡಿ ತಗೊಂಡೆ ಅಂತ. ಅವತ್ತಿಂದ ಎಲ್ಲರ ಹತ್ರಾನೂ ಹಾಕಿಸ್ತೀನಿ,” ಅಂದು ಪೆನ್ನು ಕೊಟ್ಟರು. “ನಂಬರ್ ತಾಳೆ ನೋಡಿ ಹಾಕಿ ಸ್ವಾಮಿ.”