ಪಂಚಮಿಗೆ ಪಟ್ಟೇದ ಅಂಚು

ಆಷಾಢ ಮುಗಿಯುತ್ತ ಬಂತೆಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಮಾತೆಲ್ಲ ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಪಂಚಮಿಗೆ ಎಷ್ಟು ಥರದ ಉಂಡಿ ಕಟ್ಟಬೇಕು, ಯಾವ ಸೀರೆ ಉಡಬೇಕು. ಉಂಡಿಯ ವಿಷಯದಲ್ಲಿ ಮನೆಯ ಹಿರಿಯರ ಮಾತೇ ಕೊನೆ. ಸೀರೆಯ ವಿಷಯದಲ್ಲಿ ಮಾತ್ರ ಈಗ ಫೋನಿನದೇ ಕಾರುಬಾರು. ರೋಣದ ಪೇಟೆಯಲ್ಲಿ ಅಂಗಡಿಯವರು ಹತ್ತು ಸೀರೆ ಬಿಚ್ಚಿ ಹರವಿದರೂ ಬಂದವರು ಫೋನು ತೆಗೆದು, "ಇಂಥಾದ್ದು ಐತೇನ್ರೀ?" ಎಂದು ಚಿತ್ರ ತೋರಿಸುತ್ತಾರೆ.

ಈ ಸಲ ಆ ಫೋನಿನಲ್ಲಿ ಬಂದಿರುವುದು ನಮ್ಮ ಸೀಮೆಯದೇ ಸೀರೆ! ನರಗುಂದದಲ್ಲಿರುವ ನನ್ನ ತಂಗಿ ಒಂದು ಚಿತ್ರ ಕಳಿಸಿ, "ಅಕ್ಕಾ, ಇದು ನಮ್ಮವ್ವ ಉಡತಿದ್ದ ಸೀರೀನ ಹೌದಲ್ಲ?" ಎಂದು ಕೇಳಿದಳು. ತೋಳಿಲ್ಲದ ಕುಪ್ಪಸ ತೊಟ್ಟು, ಕೊರಳಿಗೆ ಬೆಳ್ಳಿಯ ಸರ ಹಾಕಿದ ಪಟ್ಟಣದ ಹುಡುಗಿ. ಮೈತುಂಬ ಚೌಕಳಿ, ಪಟ್ಟಿ ಎಳೆದಂಥ ಅಗಲವಾದ ಕೆಂಪಂಚು. ಹೌದು, ಗಜೇಂದ್ರಗಡದ ಪಟ್ಟೇದ ಅಂಚು.

ಇಳಕಲ್ ಸೀರೆಯ ಕೆಂಪು ಸೆರಗು ಲೋಕಕ್ಕೆಲ್ಲ ಗೊತ್ತು. ಅದರ ನೆರಳಿನಲ್ಲಿ ಈ ಹತ್ತಿ ಸೀರೆಯ ಹೆಸರು ಮರೆತೇ ಹೋಗಿತ್ತು. ದಪ್ಪ ನೂಲು, ಗಟ್ಟಿ ನೇಯ್ಗೆ. ಒಳಮೈ ಹೊರಮೈ ಎರಡೂ ಒಂದೇ. ನಮ್ಮವ್ವ ಹೊಲಕ್ಕೆ ಕಳೆ ತೆಗೆಯಲು ಹೋಗುವಾಗ ಒಂದು ದಿನ ಒಂದು ಮೈ, ಮರುದಿನ ಇನ್ನೊಂದು ಮೈ ತಿರುವಿ ಉಡುತ್ತಿದ್ದಳು. ಸವದತ್ತಿ ಎಲ್ಲಮ್ಮನಿಗೆ ಏರಿಸಲು, ಮದುಮಗಳಿಗೆ ಕೊಡಲು ಇದೇ ಸೀರೆ ಬೇಕಾಗಿತ್ತೆಂದು ಹಿರಿಯರು ಹೇಳುವುದುಂಟು. ಆಮೇಲೆ ಪಾಲಿಸ್ಟರ್ ಬಂತು. ಅಗ್ಗ, ಹಗುರ, ಇಸ್ತ್ರಿ ಬೇಡ. ಅದನ್ನು ದೂರಲು ನನಗೆ ಮನಸ್ಸಿಲ್ಲ. ಜಿಟಿಜಿಟಿ ಮಳೆಯಲ್ಲಿ ದಪ್ಪ ಸೀರೆ ಎರಡು ದಿನ ಒಣಗದೆ ಕೂತರೆ ಹೆಂಗಸರು ಏನು ಮಾಡಬೇಕು? ಹಾಗಾಗಿ ನೇಯುವುದೇ ನಿಂತಂತಾಗಿತ್ತು. ಹೇಮಲತಾ ಜೈನ್ ಎಂಬ ವಿನ್ಯಾಸಗಾರ್ತಿ ತಮ್ಮ 'ಪುನರ್ಜೀವನ'ದ ಮೂಲಕ ಅದನ್ನು ಮತ್ತೆ ಮಗ್ಗಕ್ಕೆ ತಂದರು. ಫೋನಿನ ಚಿತ್ರದ ಹಿಂದಿನ ಕಥೆ ಇದು.

ನಮ್ಮ ಮನೆಯಲ್ಲಿ ಇದರಿಂದ ಸಣ್ಣದೊಂದು ಜಗಳವೇ ಆಯಿತು. ಮಗಳಿಗೆ ಇದು ಮದುವೆಯಾದ ಮೇಲೆ ಮೊದಲನೇ ಪಂಚಮಿ. ಏನು ಸೀರೆ ತರಲಿ ಎಂದರೆ, "ಅವ್ವಾ, ನನಗ ಪಟ್ಟೇದ ಅಂಚ ಬೇಕು" ಎಂದಳು. ನಮ್ಮತ್ತೆಯವರಿಗೆ ಸಿಟ್ಟು ಬಂತು. "ಮೊದಲನೇ ಪಂಚಮಿಗೆ ಹೊಲದ ಸೀರಿ ಉಡಿಸಿ ಕಳಿಸಿದರ ಬೀಗರು ಏನಂದಾರು? ಮಗಳಿಗೆ ರೇಷ್ಮಿ ತರೂ ಗತಿ ಇಲ್ಲ ಅಂತಾರು." ಅವರ ಮಾತಿನಲ್ಲಿ ನಿಜವಿಲ್ಲದಿಲ್ಲ. ಹೊಸ ಮನೆಯಲ್ಲಿ ಸೀರೆಯನ್ನು ನೋಡಿ ತವರಿನ ತೂಕ ಹಾಕುವವರು ಇನ್ನೂ ಇದ್ದಾರೆ. ಆದರೂ ನಾನು ಮಗಳ ಕಡೆಗೇ ನಿಂತೆ.

ಗಜೇಂದ್ರಗಡದಲ್ಲಿ ನೇಯುವವರ ಮನೆಗೇ ಹೋದೆವು. ಹೇಳಿದ ಬೆಲೆಗೆ ಪೇಟೆಯ ಪಾಲಿಸ್ಟರ್ ಸೀರೆ ನಾಲ್ಕು ಬರುತ್ತಿದ್ದವು. ನಮ್ಮವರು ಚೌಕಾಸಿಗೆ ಬಾಯಿ ತೆರೆದರು. ನಾನು ಕಣ್ಣಲ್ಲೇ ತಡೆದೆ. ಆ ಮನೆಯಾಕೆ ಸೀರೆ ಮಡಿಸುತ್ತ, "ಮಗ ಮಗ್ಗಕ್ಕ ಕೂಡೂದಿಲ್ಲರೀ ಅಕ್ಕಾರ, ಬೆಂಗಳೂರಿಗೆ ಹೋಗ್ಯಾನ. ಅಲ್ಲೆ ಯಾರೋ ಇದನ್ನ ಉಟ್ಟಿದ್ದು ನೋಡಿ ಫೋನ ಮಾಡಿದ್ದ" ಎಂದರು. ಸೀರೆ ಮನೆಗೆ ಬಂದ ಮೇಲೆ ಅತ್ತೆಯವರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ನೂಲು ಛಲೋ ಐತಿ" ಎಂದಷ್ಟೇ ಅಂದರು. ರೇಷ್ಮೆಯ ಮಾತು ಮತ್ತೆ ತೆಗೆಯಲಿಲ್ಲ.

ಇನ್ನು ಉಡುವ ಬಗೆ. ಕೊಳ್ಳುವಾಗ ಸೀರೆಯನ್ನು ತಿರುವಿ ನೋಡಿರಿ. ಒಳಮೈ ಮಂಕಾಗಿದ್ದರೆ ಅದು ಅಚ್ಚು ಹಾಕಿದ್ದು, ನೇಯ್ದದ್ದಲ್ಲ. ಕುಳ್ಳಗಿರುವವರಿಗೆ ದೊಡ್ಡ ಚೌಕಳಿ, ಬಹಳ ಅಗಲದ ಅಂಚು ಒಪ್ಪುವುದಿಲ್ಲ. ಸಣ್ಣ ಚೌಕಳಿಯದನ್ನು ಆರಿಸಿಕೊಳ್ಳಿ. ಮೊದಲ ಸಲ ಉಪ್ಪು ಹಾಕಿದ ತಣ್ಣೀರಿನಲ್ಲಿ ಬೇರೆಯಾಗಿಯೇ ನೆನೆಸಿ ಒಗೆಯಿರಿ. ಗಂಜಿ ತೆಳ್ಳಗಿರಲಿ, ಹೆಚ್ಚಾದರೆ ನಿರಿಗೆ ಕೊಡೆಯಂತೆ ಬಿಚ್ಚಿಕೊಂಡು ನಿಲ್ಲುತ್ತದೆ! ಕುಪ್ಪಸಕ್ಕೆ ಗುಳೇದಗುಡ್ಡದ ಖಣಕ್ಕಿಂತ ಒಳ್ಳೆಯ ಜೋಡಿಯಿಲ್ಲ, ಅಂಚಿನ ಬಣ್ಣದ್ದೇ ಇರಲಿ. ತೋಳಿಲ್ಲದ್ದು ಪಟ್ಟಣಕ್ಕೆ ಸರಿ, ನಮ್ಮ ಪಂಚಮಿ ಜೋಕಾಲಿಗೆ ಮೊಳಕೈವರೆಗಿನ ತೋಳೇ ಚೆಂದ. ಬಂಗಾರ ಹೇರಿಕೊಳ್ಳಬೇಡಿ. ಒಂದೆಳೆ ಗುಂಡಿನ ಸರ ಅಥವಾ ಬೆಳ್ಳಿ, ತುಸು ದೊಡ್ಡ ಟಿಕಳಿ, ತುರುಬಿಗೆ ಅಬ್ಬಲಿಗೆ ಸಾಕು.

ಮುಖಕ್ಕೆ ದುಬಾರಿ ಡಬ್ಬಿಗಳ ಗೊಡವೆ ನನಗಿಲ್ಲ. ನಮ್ಮ ಎರೆಹೊಲದ ಹೆಸರುಕಾಳನ್ನು ನುಣ್ಣಗೆ ಬೀಸಿ, ಹಾಲಿನ ಕೆನೆಯಲ್ಲಿ ಕಲಸಿ ಹಚ್ಚಿ ತೊಳೆದರೆ ಸಾಕು. ಅರಿಶಿನ ಚಿಟಿಕೆಗಿಂತ ಹೆಚ್ಚು ಬೇಡ. ತಿಳಿ ಬಣ್ಣದ ಸೀರೆಗೆ ಕಲೆ ಹತ್ತಿದರೆ ಬಿಡುವುದು ಕಷ್ಟ. ತುಟಿಗೆ ಬಣ್ಣ ಹಚ್ಚುವವರು ಅಂಚಿನ ಇಟ್ಟಂಗಿ ಕೆಂಪನ್ನೇ ಹುಡುಕಿದರೆ ಒಪ್ಪುತ್ತದೆ.

ದಸರೆಗೆ, ದೀಪಾವಳಿಗೆ ಬೇಕೆನ್ನುವವರು ನೇಯುವವರಿಗೆ ಈಗಲೇ ಹೇಳಿಡಿ. ಸಾಸಿವೆ ಬಣ್ಣದ್ದಕ್ಕೆ ಬೇಡಿಕೆ ಹೆಚ್ಚಂತೆ. ಮುಂಗಡವಾಗಿ ಒಂದಿಷ್ಟು ಹಣ ಕೊಟ್ಟರೆ ಅವರಿಗೆ ನೂಲು ತರಲು ಅನುಕೂಲವಾಗುತ್ತದೆ.