ಹಾರದ ವಿಮಾನ

ಈಗ ಉಪಾಧ್ಯಾಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು ದೇವನೂರಿಗೆ ಬಂದು, “ಮೇಷ್ಟ್ರೇ, ‘ವೈಮಾನಿಕ ಶಾಸ್ತ್ರ’ವು ಭರದ್ವಾಜ ಮಹರ್ಷಿಗಳದೆಂದು ತಾವು ಹೇಳಿದುದನ್ನೇ ನಾನೂ ಮಕ್ಕಳಿಗೆ ಹೇಳುತ್ತಿದ್ದೇನೆ” ಎಂದನು. ನನಗೆ ಎದೆ ಅಳುಕಿತು. ಪೂರ್ವಿಕರ ಮೇಲಣ ಅಭಿಮಾನದಿಂದ, ಗ್ರಂಥವನ್ನು ಓದದೆಯೇ ನಾನು ಹಾಗೆ ಸಾರಿದ್ದೆನು.

ಅದು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದುದು. ಶಕುನ, ಸುಂದರ, ರುಕ್ಮ, ತ್ರಿಪುರವೆಂಬ ವಿಮಾನಗಳ ನಕ್ಷೆಗಳನ್ನು 1923ರಲ್ಲಿ ಎಲ್ಲಪ್ಪನವರು ಬರೆದರು. 1973ರಲ್ಲಿ ಮೈಸೂರಿನ ಜೋಸ್ಯರ್ ಅವರು ಆಂಗ್ಲಾನುವಾದದೊಡನೆ ಪ್ರಕಟಿಸಿದರು. ಮುಂದಿನ ವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರಿಶೀಲಿಸಿ, ಭಾಷೆ ಈಚಿನದೆಂದೂ ಆ ಯಂತ್ರಗಳು ಹಾರಲಾರವೆಂದೂ ತೋರಿಸಿದರು. ಭಾರಕ್ಕೆ ತಕ್ಕಷ್ಟು ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳದೆ ವಿಮಾನವು ಮೇಲೇಳದಷ್ಟೆ. ಶ್ಲೋಕಗಳನ್ನು ನಾನೇ ಓದಲು, ಅವು ಆರ್ಷವಲ್ಲವೆಂದು ಕಿವಿಗೇ ತಿಳಿಯಿತು.

“ಹಾಗಾದರೆ ಎಲ್ಲವೂ ಸುಳ್ಳೆ?” ಎಂದು ಶಿಷ್ಯನು ಕೇಳಿದನು. “ದೇಗುಲದ ಗರ್ಭಗುಡಿಯ ಮೇಲಣ ಶಿಖರಕ್ಕೂ ವಿಮಾನವೆಂದೇ ಹೆಸರು. ಅದು ಹಾರದು, ಅದರಿಂದ ಅದಕ್ಕೆ ಕುಂದಿಲ್ಲ. ಇದನ್ನು ಕಲ್ಪನೆಯೆಂದೇ ಓದು, ಪ್ರಮಾಣವೆನ್ನಬೇಡ. ಮಕ್ಕಳಿಗೆ, ನಮ್ಮ ಮೇಷ್ಟ್ರು ತಪ್ಪು ಹೇಳಿದ್ದರೆಂದು ಹೇಳು” ಎಂದೆನು. ಅವನು ತಲೆಬಾಗಿ ಹೊರಟನು. ನನ್ನ ಮನಸ್ಸು ಹಗುರಾಯಿತು.