ಮೀನಿನ ತೊಟ್ಟಿಯ ನೀರು

ನಮ್ಮ ತಂದೆಯವರು ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದದ್ದು 2009ರಲ್ಲಿ. ಹೊರಗೆ ಹೋಗಲಾರದ ಅವರ ಕಣ್ಣೆದುರು ಒಂದಿಷ್ಟು ಚಲನೆಯಾದರೂ ಇರಲೆಂದು ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ 50 ಲೀಟರಿನ ಗಾಜಿನ ತೊಟ್ಟಿಯನ್ನಿರಿಸಿ, ಐದು ಗೋಲ್ಡ್‌ಫಿಶ್ ಮೀನುಗಳನ್ನು ಬಿಟ್ಟೆವು. ಮಾತು ತೊದಲುತ್ತಿದ್ದ ತಂದೆಯವರು ಬೆಳಗಾದೊಡನೆ ಬೆರಳೆತ್ತಿ ಅವುಗಳನ್ನು ಎಣಿಸುತ್ತಿದ್ದರು.

ಶುಚಿತ್ವದ ವಿಷಯದಲ್ಲಿ ನಾವು ತುಸು ಹೆಚ್ಚೇ ಕಟ್ಟುನಿಟ್ಟು. ಮೂರು ತಿಂಗಳಲ್ಲಿ ಗಾಜಿಗೆ ಪಾಚಿ ಕಟ್ಟಿದ್ದನ್ನು ಕಂಡು ಮನಸ್ಸು ತಡೆಯಲಿಲ್ಲ. ಅಲ್ಲಿಯವರೆಗೆ ಆರಿದಷ್ಟು ನೀರನ್ನು ತುಂಬಿಸುತ್ತ ಬಂದಿದ್ದೆವು, ಅಷ್ಟೆ. ಓಣಿಯ ನಲ್ಲಿಗೆ ಮಲಪ್ರಭೆಯ ನೀರು ಬಂದ ದಿನ ಹಳೆಯದನ್ನೆಲ್ಲ ಚೆಲ್ಲಿ, ಹರಳುಗಳನ್ನು ಕುದಿನೀರಿನಲ್ಲಿ ತೊಳೆದು, ಸೋಸುವ ಯಂತ್ರದ ಸ್ಪಂಜನ್ನು ನಲ್ಲಿಯಡಿ ಹಿಂಡಿ, ತೊಟ್ಟಿಯನ್ನು ಕನ್ನಡಿಯಂತೆ ಬೆಳಗಿಸಿದೆವು. ಮರುದಿನ ಮುಂಜಾನೆ ಎರಡು ಮೀನುಗಳು ತೇಲುತ್ತಿದ್ದವು. ನಾಲ್ಕನೆಯ ದಿನ ಇನ್ನೊಂದು. ತಂದೆಯವರ ಬೆರಳು ಎರಡಕ್ಕೆ ಬಂದು ನಿಂತಿತು. ಅವರು ನಮ್ಮ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದ ನೆರೆಯವರೊಬ್ಬರು ನಮ್ಮ ತಪ್ಪನ್ನು ಬಿಡಿಸಿ ಹೇಳಿದರು. ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಅದು ಮೀನಿಗೇ ವಿಷ. ಹರಳು, ಸ್ಪಂಜುಗಳಲ್ಲಿ ಮನೆಮಾಡಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಸಂಸಾರ ನೆಲೆಗೊಳ್ಳಲು ನಾಲ್ಕಾರು ವಾರಗಳಾದರೂ ಬೇಕು. ಕೊಳೆಯೆಂದು ಭಾವಿಸಿ ನಾವು ಕೊಂದದ್ದು ಇವನ್ನೇ. ಅದರ ಮೇಲೆ ನಲ್ಲಿನೀರಿನ ಕ್ಲೋರಿನ್ ಮೀನುಗಳ ಕಿವಿರನ್ನು ಸುಟ್ಟಿತ್ತು. ಹಾಗೆಂದು ನೀರನ್ನು ಬದಲಿಸದಿರುವಂತೆಯೂ ಇಲ್ಲ. ನೈಟ್ರೇಟ್ ತಾನಾಗಿ ಹೋಗದು. ನೀರು ಆರಿದರೂ ಲವಣಗಳು ಉಳಿಯುವುದರಿಂದ, ಮೇಲಿಂದ ತುಂಬಿಸಿದರೆ ಅವು ಮತ್ತಷ್ಟು ಸಾಂದ್ರವಾಗುತ್ತವೆ.

ಅಂದಿನಿಂದ ಭಾನುವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗವನ್ನು, ಎಂದರೆ ಹೆಚ್ಚುಕಡಿಮೆ ಒಂದು ಕೊಡ ನೀರನ್ನು, ನಳಿಕೆಯಿಂದ ಹರಳಿನ ನಡುವಿನ ಹೊಲಸಿನೊಡನೆ ಸೆಳೆಯತೊಡಗಿದೆವು. ಸ್ಪಂಜನ್ನು ಜಾಲಿಸುವುದೂ ಆ ಹಳೆಯ ನೀರಿನಲ್ಲಿಯೇ. ಹೊಸ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನವಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೈನ್ ಬೆರೆಸುವ ಊರುಗಳಲ್ಲಿ ಇದು ಸಾಲದು, ಅದಕ್ಕೆಂದೇ ಮಾರುವ ಔಷಧ ಬೇಕು. ಎರಡೂ ನೀರಿನಲ್ಲಿ ಕೈಯಿಟ್ಟು ಬಿಸಿ ಸಮನಾಗಿದೆಯೇ ಎಂದು ನೋಡಿಯೇ ಸುರಿಯುತ್ತಿದ್ದೆವು. ಗೋಲ್ಡ್‌ಫಿಶ್ ಹೊಲಸು ಹೆಚ್ಚು ಮಾಡುವ ಮೀನು. 50 ಲೀಟರಿಗೆ ಐದು ಬಿಟ್ಟದ್ದೇ ಅತಿಯಾಗಿತ್ತು. ಗಿಡಗಳು ಹುಲುಸಾಗಿದ್ದು ಸಣ್ಣ ಮೀನುಗಳು ಕೆಲವೇ ಇರುವಲ್ಲಿ ವಾರಕ್ಕೆ ಹತ್ತರಲ್ಲೊಂದು ಭಾಗವೂ ನಡೆದೀತು. ಬಹುಕಾಲ ನೀರು ಬದಲಿಸದ ತೊಟ್ಟಿಯಾದರೆ ಅವಸರ ಪಡಬಾರದು. ಮೀನು ಆ ಕೆಟ್ಟ ನೀರಿಗೇ ಒಗ್ಗಿರುತ್ತದೆ, ಸ್ವಲ್ಪ ಸ್ವಲ್ಪವಾಗಿಯೇ ಹೊಸತನ್ನು ಸೇರಿಸಬೇಕು.

ತೆಗೆದ ನೀರು ಹಿತ್ತಿಲ ಮಲ್ಲಿಗೆಗೆ ಹೋಗುತ್ತಿತ್ತು. ನೈಟ್ರೇಟ್ ಗಿಡಕ್ಕೆ ಗೊಬ್ಬರವಲ್ಲವೇ! ಆ ಬೇಸಗೆ ಬಳ್ಳಿ ಹಿಂದೆಂದೂ ಬಿಡದಷ್ಟು ಮೊಗ್ಗು ಬಿಟ್ಟಿತು.

ಉಳಿದೆರಡು ಮೀನುಗಳು ತಂದೆಯವರಿಗಿಂತ ಹೆಚ್ಚು ಕಾಲ ಬದುಕಿದವು. ಅವರ ಕೊನೆಯ ವರ್ಷದಲ್ಲಿ ಯಾವುದಾದರೊಂದು ಭಾನುವಾರ ನಾವು ಮರೆತರೆ, ಅವರು ಬಲಗೈಯಿಂದ ಮಂಚದ ಪಟ್ಟಿಯನ್ನು ಬಡಿದು, ತೊಟ್ಟಿಯ ಕಡೆಗೂ ಕೊಡದ ಕಡೆಗೂ ಬೆರಳು ತೋರಿಸುತ್ತಿದ್ದರು.